ಮಾಲಕಿಯ ಮನೆಗೆ ಬಂದ ಬಾಡಿಗೆದಾರರು

ವೇದಿಕೆಯ ಮೇಲಿರುವ ನಮ್ಮ ಸಂಘದ ಅಧ್ಯಕ್ಷರಾದ ಸೋಮನಾಥ ಅವರೇ, ಮಾಟುಂಗದಿಂದ ಇಷ್ಟು ಟ್ರಾಫಿಕ್ಕಿನಲ್ಲಿ ಬಂದಿರುವ ಮುಖ್ಯ ಅತಿಥಿಗಳೇ, ಈಗಷ್ಟೇ ನನ್ನ ಹೆಗಲಿಗೆ ಶಾಲು ಹೊದಿಸಿದ ಮಹಿಳಾ ವಿಭಾಗದ ಗೆಳತಿಯರೇ, ಕಾರ್ಯದರ್ಶಿ ಕಿಶೋರ ಅವರೇ, ಹಿಂದಿನ ಬಾಗಿಲಿನಿಂದ ಊಟದ ವಾಸನೆ ಬರುತ್ತಿದ್ದರೂ ಎದ್ದು ಹೋಗದೆ ಕುಳಿತಿರುವ ಸಭಿಕರೇ,

ಸನ್ಮಾನಕ್ಕೆ ಉತ್ತರವಾಗಿ ಎರಡು ಮಾತು ಆಡುವುದು ಪದ್ಧತಿ. ಎರಡೇ ಮಾತಿನಲ್ಲಿ ಮುಗಿಸೋಣವೆಂದುಕೊಂಡಿದ್ದೆ. ಆದರೆ ಕಿಶೋರ ಬಿಡಲಿಲ್ಲ. ಕಳೆದ ವಾರ ಮನೆಗೆ ಬಂದು, ಚಹಾ ಕುಡಿದು, ನಮ್ಮ ಚೆಂಬೂರಿನ ಹುಡುಗರು ಮಾತಾಡುವ ಕನ್ನಡದಲ್ಲಿ ಹೇಳಿದ: "ಆಂಟಿ, ಯಂಗ್‌ಸ್ಟರ್ಸ್‌ಗೆ ಏನಾದ್ರೂ ಹೇಳಿ. ಮುಂಬಯಿಯಲ್ಲಿ ಬಾಡಿಗೆ ಬಿಲ್ಡಿಂಗ್‌ನಲ್ಲಿ ಇನ್ವೆಸ್ಟ್ ಮಾಡೋದು ಹೇಗೆ ಅಂತ. ಬಸ್, ಹತ್ತು ಮಿನಿಟ್."

"ಹೆಂಗ ಹಾಕೂದು ಅಂತ ನನಗ ಗೊತ್ತಿಲ್ಲಪಾ. ಹಾಕಿದ ಮ್ಯಾಲ ಏನಾಕ್ಕೈತಿ ಅನ್ನೂದಷ್ಟ ಗೊತ್ತೈತಿ" ಎಂದೆ.

"ಅದನ್ನೇ ಹೇಳಿ ಆಂಟಿ, ಚಲೇಗಾ" ಎಂದ.

ಹಾಗಾಗಿ ಅದನ್ನೇ ಹೇಳುತ್ತೇನೆ. ಚಲೇಗಾ ಅಥವಾ ನಹೀಂ ಚಲೇಗಾ, ಕೊನೆಯಲ್ಲಿ ನೀವೇ ತೀರ್ಮಾನಿಸಿ.

ನನ್ನ ಯಜಮಾನರು ಶಾಂತಪ್ಪನವರು. ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನವರು. ಹಿರಿಯರಿಗೆ ನೆನಪಿರಬಹುದು, ಸ್ಟೇಷನ್ನಿನ ಹತ್ತಿರ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದರು. ಮೊಳೆ, ಬೀಗ, ನಲ್ಲಿ, ಪೈಪು. ಮಾತು ಬಹಳ ಕಡಿಮೆ. ಯಾವುದೇ ಕೆಲಸವನ್ನು ಮಾಡುವ ಮೊದಲು ಮನೆಯಲ್ಲಿ ಹೇಳುವ ರೂಢಿ ಅವರಿಗಿರಲಿಲ್ಲ. ಮಾಡಿ ಮುಗಿಸಿ, ಪೇಡೆಯ ಡಬ್ಬಿ ತರುತ್ತಿದ್ದರು. ಪೇಡೆ ನೋಡಿದರೆ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು.

ಒಂದು ದಿನ ಹಾಗೆಯೇ ಪೇಡೆ ಬಂತು.

"ಏನ್ರಿ ಇದು?" ಎಂದೆ.

"ಬಿಲ್ಡಿಂಗ ತಗೊಂಡೆ."

"ಯಾವ ಬಿಲ್ಡಿಂಗ?"

"ಝವೇರ್ ಬಿಲ್ಡಿಂಗ. ಮೂರು ಮಜಲಾ. ಹದಿನಾರು ಬಿಡಾರ ಅದಾವ."

"ಖಾಲಿ ಅದಾವೇನು?"

"ಖಾಲಿ ಇದ್ದಿದ್ರ ನನ್ನಂಥವಗ ಯಾರು ಕೊಡ್ತಿದ್ರು? ಎಲ್ಲಾ ತುಂಬ್ಯಾವ" ಎಂದು ನನ್ನ ಬಾಯಿಗೆ ಪೇಡೆ ಇಟ್ಟರು. "ನೋಡು, ಅಂಗಡಿ ಅಂದ್ರ ಮಾಲಕ ಜಡ್ಡಾಗಿ ಮಲಗಿದ್ರ ಅದೂ ಮಲಗತೈತಿ. ಬಿಲ್ಡಿಂಗ ಹಂಗಲ್ಲ. ಅದು ನಿಂತ ಇರತೈತಿ."

ಇಲ್ಲಿ ಕುಳಿತಿರುವ ಎಳೆಯರಿಗೆ ಒಂದು ವಿಷಯ ಹೇಳಬೇಕು. ನಮ್ಮ ಮುಂಬಯಿಯ ಹಳೆಯ ಕಟ್ಟಡಗಳಲ್ಲಿ ಪಗಡಿ ಎಂಬ ಪದ್ಧತಿ ಇದೆ. ಬಾಡಿಗೆದಾರರು ಮೊದಲೇ ಒಂದು ದೊಡ್ಡ ಮೊತ್ತ ಕೊಟ್ಟು ಒಳಗೆ ಬಂದಿರುತ್ತಾರೆ. ಆಮೇಲೆ ಅವರು ಕೊಡುವ ಬಾಡಿಗೆ ಒಂದು ಮಾರು ಮಲ್ಲಿಗೆಗೆ ಸಾಲುವಷ್ಟು. ಅದನ್ನು ಮನಸ್ಸಿಗೆ ಬಂದಂತೆ ಏರಿಸುವಂತಿಲ್ಲ, ಅವರನ್ನು ಬಿಡಿಸುವಂತಿಲ್ಲ. ಆದರೆ ಗೋಡೆ ಸೋರಿದರೆ, ಜಿನೆಯ ಮೆಟ್ಟಿಲು ಮುರಿದರೆ, ಮಾಲಕ ಬರಬೇಕು. ಹಾಗಾದರೆ ಇಂಥ ಕಟ್ಟಡವನ್ನು ಯಾರಾದರೂ ಯಾಕೆ ಕೊಳ್ಳುತ್ತಾರೆ? ಕೆಳಗಿನ ಭೂಮಿಗಾಗಿ ಕೊಳ್ಳುತ್ತಾರೆ. ಇವತ್ತಲ್ಲ ನಾಳೆ ಒಬ್ಬ ಬಿಲ್ಡರ್ ಬರುತ್ತಾನೆ ಎಂಬ ನಂಬಿಕೆಯ ಮೇಲೆ ಕೊಳ್ಳುತ್ತಾರೆ. ನಮ್ಮವರೂ ಹಾಗೆಯೇ ಕೊಂಡರು. ಬಿಲ್ಡರ್ ಬರುವ ಮೊದಲೇ ಅವರು ಹೋದರು. ಗಿರಾಕಿಗೆ ಮೊಳೆ ತೂಗುತ್ತ ತೂಗುತ್ತ ಕೌಂಟರಿನ ಮೇಲೆ ತಲೆ ಇಟ್ಟರಂತೆ. ನಿದ್ದೆ ಬಂತೇನೋ ಎಂದು ಗಿರಾಕಿ ಸ್ವಲ್ಪ ಹೊತ್ತು ಕಾದನಂತೆ.

ಮಗಳು ದಾನೇಶ್ವರಿ ಆಗ ಕಾಲೇಜಿನಲ್ಲಿದ್ದಳು. ಈಗ ಕಾಂದಿವಲಿಯಲ್ಲಿ ಅವಳ ಸಂಸಾರ. ಅಲ್ಲೇ ಮೂರನೆಯ ಸಾಲಿನಲ್ಲಿ ಇದ್ದಾಳೆ. ಮೊಬೈಲ್ ಕೆಳಗಿಡು ದಾನೇಶ್ವರಿ, ಇದು ನಿನ್ನ ಅಪ್ಪನ ವಿಷಯ.

ಅಂಗಡಿಯನ್ನು ಮುಚ್ಚಿದೆ. ಬಿಲ್ಡಿಂಗನ್ನು ಮುಚ್ಚುವುದು ಹೇಗೆ? ನಾನು ಏಳನೆಯ ಇಯತ್ತೆ ಓದಿದವಳು. ರೊಟ್ಟಿ ಬಡಿಯುವುದು ಗೊತ್ತು, ಸೀರೆಗೆ ಫಾಲ್ ಹಚ್ಚುವುದು ಗೊತ್ತು. ಬೆಳಗಾಗುವಷ್ಟರಲ್ಲಿ ಹದಿನಾರು ಸಂಸಾರಗಳಿಗೆ ಮಾಲಕೀಣ್ ಬಾಯಿ ಆಗಿದ್ದೆ. ಮೊದಲ ಸಲ ಜಿನೆ ಹತ್ತಿ ಹೋದಾಗ ಎರಡನೆಯ ಮಜಲಾದಲ್ಲಿ ಒಬ್ಬ ಹೆಣ್ಣುಮಗಳು ಬಾಗಿಲಲ್ಲೇ ನಿಂತಿದ್ದರು. ಹೆಸರು ರಂಜನಾ. ಕುರ್ಲಾ ಸ್ಟೇಷನ್ನಿನ ಟಿಕೆಟ್ ಕೌಂಟರಿನಲ್ಲಿ ಕೆಲಸ. ಅವರ ಮಾತು ಯಾವಾಗಲೂ ಗಾಜಿನ ಕಿಂಡಿಯ ಆಚೆಯಿಂದ ಬಂದ ಹಾಗೆ: ಚಿಕ್ಕದು, ಬಿರುಸು, ಮುಂದಿನವರು ಬನ್ನಿ ಎನ್ನುವ ಧಾಟಿ.

"ಮೊದಲು ಸೋರುವ ಮಾಡು ನೋಡಿ, ಆಮೇಲೆ ಬಾಡಿಗೆ ಕೇಳಿ" ಎಂದು ಮರಾಠಿಯಲ್ಲಿ ಹೇಳಿದರು.

ಒಳಗೆ ಮಂಚದ ಮೇಲೆ ಅವರ ಅತ್ತೆ ಗಂಗುಬಾಯಿ ಮಲಗಿದ್ದರು. ಮನೆಯಲ್ಲಿ ಇದ್ದವರು ಅತ್ತೆ ಸೊಸೆ ಇಬ್ಬರೇ. ಬಿದ್ದು ಸೊಂಟ ಮುರಿದುಕೊಂಡ ಮೇಲೆ ಅವರು ಮಂಚ ಬಿಟ್ಟು ಇಳಿದದ್ದು ಕಡಿಮೆ. ಆಕೆ ನನ್ನನ್ನು ನೋಡಿದರು. ಗೋಡೆಯ ಕಡೆ ಹೊರಳಿದರು.

ಮಳೆಗಾಲದಲ್ಲಿ ಮುಂಬಯಿಯ ಜನ ಭಜಿ ತಿನ್ನುತ್ತಾರೆ, ಮರೀನ್ ಡ್ರೈವಿಗೆ ಹೋಗಿ ತೆರೆ ನೋಡುತ್ತಾರೆ. ನಾನು ಫೋನು ನೋಡುತ್ತ ಕುಳಿತಿರುತ್ತಿದ್ದೆ. ಒಂದು ಕಡೆ ರಿಪೇರಿ ಮಾಡಿಸಿದರೆ ಇನ್ನೊಂದು ಕಡೆ ಒಡೆಯುತ್ತಿತ್ತು. ಸಿಮೆಂಟು ಹಚ್ಚಿದ ಗೌಂಡಿಯೇ ಹೇಳುತ್ತಿದ್ದ, "ಅಮ್ಮಾರ, ಇದು ಹಳೇ ಅರಬಿಗೆ ಹೊಸ ತ್ಯಾಪಿ ಹಚ್ಚಿದಂಗ." ಕಡೆಗೆ ರಂಜನಾ ಬಾಡಿಗೆದಾರರನ್ನೆಲ್ಲ ಸೇರಿಸಿ, ಮಾಲಕಿ ಕಟ್ಟಡ ನೋಡಿಕೊಳ್ಳುತ್ತಿಲ್ಲವೆಂದು ಬಾಂದ್ರಾದ ಕೋರ್ಟಿಗೆ ಹೋದರು. ನಾನೂ ವಕೀಲರನ್ನು ಹಿಡಿದೆ. ವರ್ಷಗಟ್ಟಲೆ ಕೋರ್ಟಿನ ಒಂದೇ ಬೆಂಚಿನ ಎರಡು ತುದಿಯಲ್ಲಿ ನಾವಿಬ್ಬರೂ ಕುಳಿತೆವು. ನಡುವೆ ನಮ್ಮ ಕೈಚೀಲಗಳಿರುತ್ತಿದ್ದವು.

ಕೊರೋನಾ ಬರುವುದಕ್ಕೆ ಎರಡು ವರ್ಷ ಮೊದಲು, ಜುಲೈ ತಿಂಗಳು. ನಾಲ್ಕು ದಿನದಿಂದ ಹಿಡಿದ ಮಳೆ. ಮಧ್ಯಾಹ್ನ ಬಿಲ್ಡಿಂಗಿನ ಕೆಳಮನೆಯವರು ನಮ್ಮ ಮನೆಗೆ ಫೋನು ಮಾಡಿದರು. "ಬಾಯಿ, ಬಾಗಿಲು ಹಾಕಿಕೊಳ್ಳಲು ಆಗುತ್ತಿಲ್ಲ. ಚೌಕಟ್ಟು ವಾಲಿದೆ." ನಾನು ಹಾರ್ಡ್‌ವೇರ್ ಅಂಗಡಿಯವನ ಹೆಂಡತಿ. ಬಾಗಿಲು ಉಬ್ಬುವುದು ಬೇರೆ, ಚೌಕಟ್ಟು ವಾಲುವುದು ಬೇರೆ. ಪರಿಚಯದ ಇಂಜಿನಿಯರರನ್ನು ಕರೆದುಕೊಂಡು ಓಡಿದೆ. ಅವರು ಕೆಳಗಿನ ಕಂಬವನ್ನು ನೋಡಿದರು, ಛತ್ರಿ ಮಡಚಿ, ಒಂದೇ ಮಾತು ಹೇಳಿದರು: "ಎಲ್ಲರನ್ನೂ ಇಳಿಸಿ. ಈಗಲೇ."

ಎಲ್ಲರೂ ಇಳಿದರು. ಗ್ಯಾಸ್ ಸಿಲಿಂಡರು, ಮಕ್ಕಳು, ದೇವರ ಫೋಟೋ, ಪಂಜರದ ಗಿಳಿ. ಇಳಿಯದವರು ಒಬ್ಬರೇ, ಗಂಗುಬಾಯಿ. ಸೊಸೆ ಡ್ಯೂಟಿಯಲ್ಲಿದ್ದರು, ಲೋಕಲ್ ಗಾಡಿಗಳು ನಿಂತಿದ್ದವು. ಎತ್ತಿಕೊಂಡು ಬರುತ್ತೇವೆಂದು ಹೋದ ಗಂಡಸರನ್ನು ಆಕೆ ಊರುಗೋಲು ಎತ್ತಿ ಹೊರಗೆ ಕಳಿಸಿದ್ದರು.

ನಾನು ಹತ್ತಿದೆ. ಇಂಜಿನಿಯರರು ಬೇಡ ಎಂದರು. ಯಾಕೆ ಹತ್ತಿದೆ ಎಂದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಬಿಲ್ಡಿಂಗು ನಮ್ಮದಾಗಿತ್ತು, ಅಷ್ಟೇ ಇರಬೇಕು. ನನಗೆ ಬರುವ ಮುರುಕು ಮರಾಠಿಯಲ್ಲಿ ಕೈ ಮುಗಿದು ಕೇಳಿಕೊಂಡೆ. ಆಕೆ ಊರುಗೋಲು ಪಕ್ಕಕ್ಕಿಟ್ಟರು. ಆಮೇಲೆ ಸ್ಪಷ್ಟವಾದ ಕನ್ನಡದಲ್ಲಿ ಹೇಳಿದರು:

"ನಾ ಜತ್ತ ತಾಲೂಕಿನಾಕಿ. ನಿನ್ನ ಭಾಷಾ ನನಗ ಬರತೈತಿ. ಸುಮ್ಮ ಯಾಕ ಮರಾಠಿ ಕೆಡಸ್ತೀ?"

ಸಭಿಕರೇ, ಜತ್ತ ಮಹಾರಾಷ್ಟ್ರದ್ದಾದರೂ ನಮ್ಮ ವಿಜಯಪುರದ ಗಡಿಗೆ ಅಂಟಿದ ತಾಲೂಕು. ಅಷ್ಟು ವರ್ಷ ಆ ಜಿನೆಯ ಮೇಲೆ ನಿಂತು ನಾನೂ ನಮ್ಮ ಗೌಂಡಿಯೂ ಕನ್ನಡದಲ್ಲಿ ಏನೇನು ಮಾತಾಡಿದ್ದೆವೋ ಅದೆಲ್ಲ ಆಕೆಯ ಕಿವಿಗೆ ಬಿದ್ದಿತ್ತು. ಒಂದು ಗಳಿಗೆ ನನಗೆ ಕಂಬದ ಭಯವೂ ಮರೆತುಹೋಯಿತು.

"ಹಂಗಾದ್ರ ಕನ್ನಡದಾಗ ಕೇಳ್ತೀನಿ. ಏಳ್ರಿ ಅವ್ವಾರ. ಮಾಡು ಬೀಳತೈತಿ."

"ಬೀಳಲಿ" ಎಂದು ಮಂಚ ತಟ್ಟಿದರು. "ನಾ ಈ ಕಾಟ ಬಿಟ್ಟು ಎದ್ದೆ ಅಂದ್ರ ನಾಳೆ ನಿನ್ನ ವಕೀಲ ಇದರ ಮ್ಯಾಲ ಕುಂದರ್ತಾನ. ಹೊರಗ ಕಾಲಿಟ್ಟವರಿಗೆ ಮನಿ ತಿರುಗಿ ಸಿಕ್ಕದ್ದು ಈ ಊರಾಗ ನಾ ಕಂಡಿಲ್ಲ."

ಆಕೆಯ ಅಂಜಿಕೆ ಸುಳ್ಳಾಗಿರಲಿಲ್ಲ. ಯಾಕೆಂದರೆ ನನ್ನ ವಕೀಲರು ಹಿಂದಿನ ವಾರವೇ ಹೇಳಿದ್ದರು: "ಮಳೆಗೆ ಅವರು ತಾವಾಗಿಯೇ ಖಾಲಿ ಮಾಡಿದರೆ ನಮ್ಮ ಕೆಲಸ ಸಲೀಸು, ಬಾಯಿ." ಆ ಮುದುಕಿಗೆ ಅದು ಯಾರೂ ಹೇಳದೆ ಗೊತ್ತಿತ್ತು. ಹಾಗಾದರೆ ನಾನು ಏನು ಹೇಳಬೇಕಾಗಿತ್ತು? ಆಣೆ ಮಾಡಬೇಕಾಗಿತ್ತೇ? ಮಾಲಕಿಯ ಆಣೆಯನ್ನು ಯಾವ ಬಾಡಿಗೆದಾರರು ನಂಬುತ್ತಾರೆ? ಅಷ್ಟರಲ್ಲಿ ಮೂಲೆಯ ಗಾರೆ ಉದುರಿ ಒಲೆಕಟ್ಟೆಯ ಮೇಲೆ ಬಿತ್ತು. ನನ್ನ ಬಾಯಿಂದ ಯೋಚನೆಗಿಂತ ಮೊದಲೇ ಮಾತು ಬಂತು.

"ನಿಮ್ಮ ಮನಿ ನನ್ನ ಕೈಯಾಗ ಇರತೈತಿ ಅಂತ ಅಲ್ಲೇನು ನಿಮ್ಮ ಅಂಜಿಕಿ? ನನ್ನ ಮನಿ ನೀವು ಹಿಡೀರಿ. ನನ್ನ ಕಾಟದ ಮ್ಯಾಲ ಮಲಗ್ರಿ. ನಿಮ್ಮದು ನಿಮಗ ಸಿಗೂತನಕ ನಾ ಏಳ್ರಿ ಅನ್ನೂದಿಲ್ಲ. ಯಾರು ಅಂದ್ರೂ ಏಳಬ್ಯಾಡ್ರಿ."

ಆಕೆ ವಿಚಾರ ಮಾಡಿದರು. ಮಾಡು ಬೀಳುತ್ತಿದೆ, ಆಕೆ ವಿಚಾರ ಮಾಡುತ್ತಿದ್ದಾರೆ.

"ನಿನ್ನ ಮನಿ ಎಷ್ಟನೇ ಮಜಲಾ?"

"ಒಂದನೇದು."

"ಕಿಡಕಿ ಅದಾವೇನು?"

"ಅದಾವ್ರಿ."

"ಸರಿ, ಖುರ್ಚಿ ತರಸು."

ಪ್ಲಾಸ್ಟಿಕ್ ಖುರ್ಚಿಯ ಮೇಲೆ ಕೂರಿಸಿ ಇಬ್ಬರು ಗಂಡಸರು ಹೊತ್ತು ಇಳಿಸಿದರು. ನಾನು ಊರುಗೋಲು ಹಿಡಿದುಕೊಂಡು ಹಿಂದೆ ಬಂದೆ. ನಾವು ರಸ್ತೆಯ ಆಚೆ ಇಸ್ತ್ರಿಯವನ ಅಂಗಡಿಯ ಕೆಳಗೆ ನಿಂತಿದ್ದಾಗ ಜಿನೆಯ ಭಾಗ ಕುಳಿತುಬಿಟ್ಟಿತು. ದೊಡ್ಡ ಶಬ್ದವೇನೂ ಇಲ್ಲ. ಜೋಳದ ಚೀಲ ಜಾರಿದ ಹಾಗೆ. ಆಮೇಲೆ ಧೂಳು, ಅದರ ಮೇಲೆ ಮಳೆ. ಹೆಂಗಸರೆಲ್ಲ ತಮ್ಮ ತಮ್ಮ ಮನೆಯವರನ್ನು ಮುಟ್ಟಿ ಮುಟ್ಟಿ ನೋಡಿದರು. ಎಲ್ಲರೂ ಇದ್ದರು. ಗಿಳಿಯೂ ಇತ್ತು. ಗಂಗುಬಾಯಿ ನನ್ನ ಸೆರಗು ಹಿಡಿದು ಎಳೆದು, "ಕುಂದರು" ಎಂದರು. ಎಲ್ಲಿ ಕೂರಲಿ? ಇದ್ದ ಒಂದು ಖುರ್ಚಿಯಲ್ಲಿ ಆಕೆ ಇದ್ದರು. ಅಲ್ಲೇ ಒದ್ದೆ ನೆಲದ ಮೇಲೆ ಕುಳಿತು ಅತ್ತೆ. ಯಜಮಾನರು ಹೋದಾಗ ಬಂದ ನೆಂಟರಿಗೆ ಚಹಾ ಮಾಡುವುದರಲ್ಲೇ ಇದ್ದೆ. ಆ ಅಳುವೂ ಅವತ್ತೇ ಬಂತೆಂದು ಕಾಣುತ್ತದೆ.

ಕುರ್ಲಾದಿಂದ ನೀರಿನಲ್ಲಿ ನಡೆದು ಬಂದ ರಂಜನಾ ನೇರವಾಗಿ ನಮ್ಮ ಮನೆಯ ಬಾಗಿಲು ಬಡಿದರು. ಅತ್ತೆ ನನ್ನ ಮಂಚದ ಮೇಲೆ ಕುಳಿತು ಅವಲಕ್ಕಿ ತಿನ್ನುತ್ತಿದ್ದರು. ರಂಜನಾ ಅತ್ತೆಯನ್ನು ನೋಡಿದರು, ನನ್ನನ್ನು ನೋಡಿದರು. ಅವರ ಬಾಯಿಂದ ಬಂದ ಮೊದಲ ಮಾತು ಏನು ಗೊತ್ತೇ? "ಕೇಸು ಹಿಂದೆ ತೆಗೆದುಕೊಳ್ಳುವುದಿಲ್ಲ."

"ತಗೋಬ್ಯಾಡ್ರಿ. ಮೊದಲು ತಲಿ ಒರಸಿಕೋರಿ" ಎಂದು ಟಾವೆಲ್ ಕೊಟ್ಟೆ.

ಉಳಿದವರು ನೆಂಟರ ಮನೆಗೆ, ಬಾಡಿಗೆ ಮನೆಗೆ ಎಂದು ಊರ ತುಂಬ ಚದುರಿದರು. ಅತ್ತೆ ಸೊಸೆ ಇಬ್ಬರೂ ನನ್ನ ಮನೆಯಲ್ಲಿ ಉಳಿದರು. ನಾನು ಹೊರಕೋಣೆಯಲ್ಲಿ ಹಾಸಿಗೆ ಹಾಸಿಕೊಂಡೆ. ಮೊದಮೊದಲು ಅಡುಗೆ ಬೇರೆ ಬೇರೆ. ಅವರು ಭಾಕರಿ ಬಡಿಯುತ್ತಿದ್ದರು, ನಾನು ರೊಟ್ಟಿ. ಎರಡೂ ಜೋಳದ್ದೇ. ಹೀಗೆ ಎರಡು ಸಲ ಒಲೆ ಹೊತ್ತಿಸುವುದನ್ನು ನೋಡಿ ಗಂಗುಬಾಯಿ ಮಂಚದಿಂದಲೇ ತೀರ್ಪು ಕೊಟ್ಟರು: "ಒಬ್ಬಾಕಿ ಬಡೀರಿ, ಒಬ್ಬಾಕಿ ಬೇಯಿಸ್ರಿ. ಗ್ಯಾಸ್ ಏನು ಸರಕಾರದ್ದೇನು?" ಅಂದಿನಿಂದ ಒಂದೇ ಅಡುಗೆ. ರಂಜನಾ ಕನ್ನಡ ಕಲಿತದ್ದು ಆ ಅಡುಗೆಮನೆಯಲ್ಲಿ. ನಾನು ಅವರನ್ನು ರಂಜನಾತಾಯಿ ಎನ್ನತೊಡಗಿದೆ. ಮರಾಠಿಯವರು ಹಾಗೆಂದರೆ ಅಕ್ಕ ಎಂದರ್ಥ. ನನ್ನ ನಾಲಿಗೆಯಲ್ಲಿ ಅದು ತಾಯಿಯೇ ಆಗಿಬಿಡುತ್ತದೆ. ಅವರು ನನಗಿಂತ ಹನ್ನೆರಡು ವರ್ಷ ಚಿಕ್ಕವರು. ಈಗಲೂ ಸಿಟ್ಟಾಗುತ್ತಾರೆ.

ಕೋರ್ಟಿನ ತಾರೀಖು ಬಂತು. ಇಬ್ಬರೂ ಹೋಗಲೇಬೇಕು. ಒಂದೇ ಮನೆಯಿಂದ ಹೊರಟವರು ಎರಡು ಆಟೋ ಮಾಡುವುದೇ? ಒಂದೇ ಆಟೋದಲ್ಲಿ ಹೋದೆವು. ನ್ಯಾಯಾಧೀಶರು ಕಟ್ಟಡ ಬಿದ್ದ ವಿಷಯ ಕೇಳಿ, ವಾದಿ ಈಗ ಎಲ್ಲಿ ವಾಸವಾಗಿದ್ದಾರೆ ಎಂದು ವಿಚಾರಿಸಿದರು.

"ಪ್ರತಿವಾದಿಯ ಮನೆಯಲ್ಲಿ" ಎಂದರು ರಂಜನಾ.

ನ್ಯಾಯಾಧೀಶರು ಕನ್ನಡಕ ತೆಗೆದರು. "ಇವತ್ತು ಇಲ್ಲಿಗೆ ಹೇಗೆ ಬಂದಿರಿ?"

"ಇಬ್ಬರೂ ಒಂದೇ ಆಟೋದಲ್ಲಿ, ಸಾಹೇಬ್."

"ಬಾಡಿಗೆ ಯಾರು ಕೊಟ್ಟರು?"

ಆಟೋದ ದುಡ್ಡಿಗೂ ಮನೆಯ ದುಡ್ಡಿಗೂ ಮರಾಠಿಯಲ್ಲಿಯೂ ಒಂದೇ ಮಾತು, ಕನ್ನಡದಲ್ಲಿಯೂ ಒಂದೇ ಮಾತು. ರಂಜನಾ ಸ್ವಲ್ಪವೂ ನಗದೆ ಹೇಳಿದರು: "ಬರುವಾಗ ನಾನು ಕೊಟ್ಟೆ. ಹೋಗುವಾಗ ಮಾಲಕೀಣ್ ಬಾಯಿ ಕೊಡುತ್ತಾರೆ." ಇಡೀ ಕೋರ್ಟು ನಕ್ಕಿತು, ನಮ್ಮ ವಕೀಲರಿಬ್ಬರನ್ನು ಬಿಟ್ಟು. ಇಷ್ಟನ್ನು ನೀವೇ ಇತ್ಯರ್ಥ ಮಾಡಿಕೊಂಡಿದ್ದೀರಿ, ಉಳಿದದ್ದನ್ನೂ ಮಾಡಿಕೊಂಡು ಬನ್ನಿ ಎಂದು ನ್ಯಾಯಾಧೀಶರು ಮುಂದಿನ ತಾರೀಖು ಕೊಟ್ಟರು.

ಯಜಮಾನರು ಕಾಯುತ್ತಿದ್ದ ಬಿಲ್ಡರ್ ಬಂದದ್ದು ಆಗಲೇ. ಬಹಳ ಸಭ್ಯ ಮನುಷ್ಯ. ನಮ್ಮ ಮನೆಯಲ್ಲೇ ಕುಳಿತು, ಬಾಡಿಗೆದಾರರ ಗೋಜು ತನಗೆ ಬಿಡಬೇಕು, ನಾನೊಬ್ಬಳು ಸಹಿ ಮಾಡಿದರೆ ಸಾಕು ಎಂದ. ಚದುರಿದ ಜನ ಮತ್ತೆ ಒಟ್ಟಾಗುವುದಿಲ್ಲ, ಬಾಯಿ, ಎಂದ. ಅವನು ಹೇಳಿದ ಮೊತ್ತವನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಕಿಶೋರ ಈಗಲೇ ಹೋಗಿ ಹಳೆಯ ಬಿಲ್ಡಿಂಗು ಹುಡುಕುತ್ತಾನೆ. ದಾನೇಶ್ವರಿಯೂ ಹೇಳಿದಳು, "ಅವ್ವಾ, ಕೊಟ್ಟು ಬಿಡು. ಸಾಕಾತು. ನಮ್ಮ ಮನೀಗೆ ಬಂದು ಆರಾಮ ಇರು." ತಪ್ಪೇನೂ ಹೇಳಲಿಲ್ಲ. ಮಳೆ ಬಂದಾಗಲೆಲ್ಲ ತಾಯಿಯ ಮುಖ ಹೇಗಾಗುತ್ತಿತ್ತೆಂದು ಕಂಡವಳು ಅವಳು.

ಆದರೆ ಒಳಕೋಣೆಯಲ್ಲಿ ಗಂಗುಬಾಯಿ ಇದ್ದರಲ್ಲ. ಬಿಲ್ಡರ್ ಹೋದ ಮೇಲೆ ನಾನು ಬಾಗಿಲಲ್ಲಿ ನಿಂತೆ. ಆಕೆಗೆ ಎಲ್ಲವೂ ಕೇಳಿಸಿತ್ತು.

"ಏನ್ ಮಾಡ್ಲಿ?" ಎಂದೆ.

"ನನ್ನ ಏನ್ ಕೇಳ್ತೀ? ನಾ ಇನ್ನೂ ಎದ್ದಿಲ್ಲ" ಎಂದರು.

ಅಷ್ಟೇ. ನಾನು ಸಹಿ ಮಾಡಲಿಲ್ಲ. ಅದರಲ್ಲಿ ದೊಡ್ಡಸ್ತಿಕೆ ಏನಿದೆ? ಸಹಿ ಮಾಡಿದ್ದರೆ ಆಕೆಯನ್ನು ನನ್ನ ಮಂಚದಿಂದ ಎಬ್ಬಿಸುವವರು ಯಾರು?

ಒಂದು ಭಾನುವಾರ ಹದಿನಾರೂ ಮನೆಯವರನ್ನು ಕರೆದೆವು. ನಮ್ಮ ಪುಟ್ಟ ಹಾಲ್‌ನಲ್ಲಿ ಜಾಗ ಸಾಲದೆ ಜನ ಜಿನೆಯ ಮೇಲೆಲ್ಲ ಕುಳಿತರು. ಮಾತು ಸುಲಭಕ್ಕೆ ಮುಗಿಯಲಿಲ್ಲ. ಮಾಲಕಿ ಹೇಳುವುದರಲ್ಲಿ ಏನೋ ಮೋಸವಿದೆ ಎಂದವರಿದ್ದರು. ರಂಜನಾ ಎದ್ದು ನಿಂತು, "ನಾನು ಈಕೆಯ ಮೇಲೆ ಕೇಸು ಹಾಕಿದವಳು. ಈಕೆಯ ಜೊತೆ ಊಟ ಮಾಡುತ್ತಿರುವವಳು. ಎರಡನ್ನೂ ಮಾಡಿದವರು ಬೇರೆ ಯಾರಿದ್ದೀರಿ?" ಎಂದರು. ಕಡೆಗೆ ಒಪ್ಪಂದವಾಯಿತು. ಬಾಡಿಗೆದಾರರು ಸೇರಿ ಸೊಸೈಟಿ ಮಾಡಿಕೊಳ್ಳುವುದು. ನಾನು ಭೂಮಿಯನ್ನು ಸೊಸೈಟಿಗೆ ಬರೆದುಕೊಡುವುದು. ಬಿಲ್ಡರ್ ಇಲ್ಲದೆ, ಸಾಲ ತಂದು, ನಾವೇ ಕಟ್ಟಿಸುವುದು. ಪ್ರತಿಯೊಬ್ಬರಿಗೂ ಒಂದೊಂದು ಸ್ವಂತ ಮನೆ, ನನಗೆ ಎರಡು, ಹೆಚ್ಚಿಗೆ ಕಟ್ಟಿದ ಮನೆಗಳನ್ನು ಮಾರಿ ಸಾಲ ತೀರಿಸುವುದು. ಕೇಳಲು ಎಷ್ಟು ಸರಳ! ನಡುವೆ ಕೊರೋನಾ ಬಂತು. ಕೆಲಸಗಾರರು ಊರಿಗೆ ಹೋದರು, ಪಾಯದ ಗುಂಡಿಯಲ್ಲಿ ನೀರು ನಿಂತಿತು. ಹಣ ಎಲ್ಲಿ ಹೋಯಿತೆಂದು ಜನ ನನ್ನನ್ನೂ ರಂಜನಾರನ್ನೂ ಕೇಳದ ದಿನವಿರಲಿಲ್ಲ. ರಂಜನಾ ಮುಖಗವಸು ಕಟ್ಟಿಕೊಂಡು ಖಾಲಿ ಸ್ಟೇಷನ್ನಿಗೆ ಡ್ಯೂಟಿಗೆ ಹೋಗುತ್ತಿದ್ದರು. ನಾನೂ ಗಂಗುಬಾಯಿಯೂ ಕಿಟಕಿಯಲ್ಲಿ ಕುಳಿತು ಅವರು ತಿರುಗಿ ಬರುವುದನ್ನು ಕಾಯುತ್ತಿದ್ದೆವು. ಆ ದಿನಗಳಲ್ಲಿ ಗಂಗುಬಾಯಿಯ ಜೊತೆ ಆಡಿದಷ್ಟು ಮಾತು ನಾನು ಸಂಸಾರ ಮಾಡಿದ ಅಷ್ಟೂ ವರ್ಷಗಳಲ್ಲಿ ಶಾಂತಪ್ಪನವರ ಜೊತೆ ಆಡಿರಲಿಲ್ಲ. ಇದನ್ನು ಹೇಳಬೇಕೆಂದುಕೊಂಡಿರಲಿಲ್ಲ. ಬಾಯಿಗೆ ಬಂತು, ಹೇಳಿದೆ.

ಕಳೆದ ತಿಂಗಳು ಕೀಲಿ ಹಂಚಿದರು. ಹದಿನಾರು ಮನೆಯವರೂ ಬಂದರು. ನಡುವೆ ಇಬ್ಬರು ಹಿರಿಯರು ತೀರಿಕೊಂಡಿದ್ದರು, ಅವರ ಮಕ್ಕಳು ಬಂದರು. ಯಾರ ಮನೆಯೂ ತಪ್ಪಲಿಲ್ಲ, ಯಾರ ಹೆಸರೂ ಬಿಟ್ಟುಹೋಗಲಿಲ್ಲ. ಕಾಗದದ ಪ್ರಕಾರ ಆ ದಿನದಿಂದ ನಾನು ಯಾರ ಮಾಲಕಿಯೂ ಅಲ್ಲ. ಸಭಿಕರೇ, ಕಿಶೋರ ನನ್ನನ್ನು ಲಾಭದ ಬಗ್ಗೆ ಕೇಳಿದ್ದ. ಮರುದಿನ ಬೆಳಿಗ್ಗೆ ಎಚ್ಚರವಾದಾಗ ಗಂಟೆ ಒಂಬತ್ತಾಗಿತ್ತು. ರಂಜನಾ ಬೆಳಗಿನ ಡ್ಯೂಟಿಗೆ ಹೋಗಿದ್ದರು, ಹಾಲಿನವನು ಬೆಲ್ ಮಾಡಿ ಮಾಡಿ ಹೊರಟುಹೋಗಿದ್ದ. ಮದುವೆಯಾದ ಮೇಲೆ ಹಾಗೆ ಮಲಗಿದ್ದು ಅದೇ ಮೊದಲು. ಅದರ ಬೆಲೆ ಎಷ್ಟೆಂದು ನೀವೇ ಕಟ್ಟಿಕೊಳ್ಳಿ.

ಗಂಗುಬಾಯಿ ಮಾತ್ರ ಕೀಲಿ ಬಂದ ಮೇಲೂ ಮೂರು ದಿನ ಏಳಲಿಲ್ಲ. ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು ಸೊಸೆಯನ್ನು ಕಳಿಸಿ ನೋಡಿಸಿದರು, ಲೈಟು ಹಾಕಿಸಿ ನೋಡಿಸಿದರು. ನಾಲ್ಕನೆಯ ದಿನ ಊರುಗೋಲು ಕೇಳಿದರು. ನನ್ನ ಕೈ ಹಿಡಿದು ಬಾಗಿಲ ತನಕ ಬಂದು, "ನಿನ್ನ ಕಾಟ ನಿನಗ ಬಿಟ್ಟೆ ನೋಡು, ಮಹಾದೇವಿ" ಎಂದರು. ನಾನು ನಕ್ಕು ಕಳಿಸಿಕೊಟ್ಟೆ. ಸಂಜೆ ಮೂವರಿಗೆ ಸಾಲುವಷ್ಟು ಹಿಟ್ಟು ಕಲಸಿಬಿಟ್ಟಿದ್ದೆ.

ಆದ್ದರಿಂದ ಕೊನೆಯದಾಗಿ ಒಂದು ಮಾತು. ಇದು ನನ್ನ ಮಗಳಿಗೆ. ದಾನೇಶ್ವರಿ, ನಾನು ಕಾಂದಿವಲಿಗೆ ಬರುತ್ತೇನೆಂದು ನೀನು ಕೋಣೆಗೆ ಬಣ್ಣ ಹೊಡೆಸಿದ್ದೀ. ಅಳಿಯಂದಿರು ಫ್ಯಾನು ತಂದಿದ್ದಾರೆ. ನಿನಗೆ ಮನೆಯಲ್ಲಿ ಹೇಳಿದರೆ ಬೈಯುತ್ತೀ, ಇಷ್ಟು ಜನರ ಎದುರಿಗೆ ಬೈಯಲಾರೆ ಎಂದು ಇಲ್ಲಿ ಹೇಳುತ್ತಿದ್ದೇನೆ. ಸೊಸೈಟಿಯಲ್ಲಿ ನನ್ನ ಪಾಲಿಗೆ ಬಂದ ಎರಡು ಮನೆಗಳಲ್ಲಿ ಒಂದನ್ನು ಧಾರವಾಡದ ಕಡೆಯ ಎಳೆಯ ಗಂಡಹೆಂಡಿರಿಗೆ ಬಾಡಿಗೆಗೆ ಕೊಟ್ಟಿದ್ದೇನೆ. ಈಗ ಇರುವ ಮನೆಗೂ ಬಾಡಿಗೆದಾರರು ಸಿಕ್ಕಿದ್ದಾರೆ. ಸೊಸೈಟಿಯ ಇನ್ನೊಂದು ಮನೆ ರಂಜನಾತಾಯಿಯ ಬಾಗಿಲಿಗೆ ಎದುರು ಬಾಗಿಲು. ನಾಳೆ ಬೆಳಿಗ್ಗೆ ಟೆಂಪೋ ಬರುತ್ತದೆ. ನಾನು ಅಲ್ಲಿಗೆ ಹೋಗುತ್ತಿದ್ದೇನೆ. ನಿನ್ನ ಕೋಣೆಗೆ ಭಾನುವಾರ ಬರುತ್ತೇನೆ.

ಅಲ್ಲಿ ಹಿಂದೆ ಕುಳಿತಿರುವ ರಂಜನಾ ಈಗ ಕಣ್ಣು ದೊಡ್ಡದು ಮಾಡುತ್ತಿದ್ದಾರೆ. ಅವರಿಗೂ ಹೇಳಿರಲಿಲ್ಲ. ನಮ್ಮ ಯಜಮಾನರ ಒಂದು ಗುಣ ನನಗೂ ಬಂದಿದೆ ಎಂದು ಕಾಣುತ್ತದೆ.

ಶಾಲು ಹೊದಿಸಿದವರಿಗೆ, ಇಷ್ಟು ಹೊತ್ತು ಕಿವಿಗೊಟ್ಟ ನಿಮಗೆ, ಆ ಮಧ್ಯಾಹ್ನ ಖುರ್ಚಿ ಹೊತ್ತ ಇಬ್ಬರು ಪುಣ್ಯಾತ್ಮರಿಗೆ ನಾನು ಋಣಿ. ಸಾಮಾನು ಕಟ್ಟುವುದು ಇನ್ನೂ ಬಾಕಿ ಇದೆ, ನಾನು ಇಳಿಯುತ್ತೇನೆ. ಊಟಕ್ಕೆ ಏಳಿ. ಎಲ್ಲರಿಗೂ ನಮಸ್ಕಾರ.